ಎರಡು ಹಳದಿ ಚುಕ್ಕೆ

ಬೀರೂರಲ್ಲಿ ರೈಲು ಹತ್ತಿದ ಹೆಂಗಸು
ನನ್ನ ಉದ್ದನೆಯ ಚೀಲ ನೋಡಿ, 'ಏನ್ ಕೆಲ್ಸ ಮಗಾ?' ಅಂದಳು.
ಸ್ಕ್ವಾಶ್ ಅಂದೆ.
'ನಮ್ಮನೇಲೂ ಮಾಡ್ತೀವಿ, ಮುರುಗಲ ಹಣ್ಣಿಂದು.
ನೀನು ಲೀಟರಿಗೆ ಎಷ್ಟಕ್ಕೆ ಕೊಡ್ತೀ?'

ತರೀಕೆರೆ ದಾಟಿದರೂ ನಾನು ತಿದ್ದಲಿಲ್ಲ.
ತಿದ್ದಿ ಹೇಳುವುದಾದರೂ ಏನು?
ಇಬ್ಬರು ಒಂದು ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡು
ಸರದಿಯ ಮೇಲೆ ಒಂದೇ ಗೋಡೆಗೆ ಹೊಡೆಯುತ್ತೇವೆ,
ಎದುರಾಳಿ ಎದುರಿಗಿರುವುದಿಲ್ಲ,
ಬೆನ್ನ ಹಿಂದೆಯೇ ಅವಳ ಉಸಿರು,
ಗೆದ್ದರೆ ಬರುವ ದುಡ್ಡು
ಹೋಗುವ ಟಿಕೀಟಿಗೆ ಸಾಲುತ್ತದೆ, ಬರುವುದಕ್ಕಲ್ಲ ಅಂತಲೇ?

ಜಗತ್ತಿನಲ್ಲಿ ನೂರಾ ತೊಂಬತ್ತೊಂದನೆಯವಳು ನಾನು.
ಹೋದ ತಿಂಗಳು ನೂರಾ ಎಂಬತ್ತನಾಲ್ಕು.

ಪ್ರಾಗ್‌ನಲ್ಲಿ ಹಲ್ಲಿನ ಡಾಕ್ಟರಮ್ಮನೊಬ್ಬಳ ಮನೆ,
ಅವಳ ಮಗನ ಕೋಣೆ, ಗೋಡೆ ತುಂಬ ಡೈನೋಸಾರು,
ಕಾಲು ಚಾಚಿದರೆ ಮಂಚದಾಚೆಗೆ.
ಕೌಲಾಲಂಪುರದಲ್ಲಿ ಸಿಂಕಿನಲ್ಲಿ ಒಗೆದ ಸಾಕ್ಸು
ಕೂದಲು ಒಣಗಿಸುವ ಯಂತ್ರಕ್ಕೆ ಹಿಡಿದು ನಿಂತ ರಾತ್ರಿ.
ಕೈರೋದಲ್ಲಿ ಹದಿನಾರರ ಹುಡುಗಿ
ಇಪ್ಪತ್ತಮೂರು ನಿಮಿಷಕ್ಕೆ ನನ್ನನ್ನು ಮುಗಿಸಿ
ಕಣ್ಣು ನೋಡದೆ ಕೈ ಕುಲುಕಿದಳು.
ಸಣ್ಣ ಪಂದ್ಯಗಳಲ್ಲಿ ಇನ್ನೂ ಒಂದು ನಿಯಮ:
ಸೋತವರೇ ಮುಂದಿನ ಆಟಕ್ಕೆ ಅಂಕ ಬರೆಯಬೇಕು.
ಬೆವರು ಆರುವ ಮೊದಲು ಪೆನ್ಸಿಲ್ ಹಿಡಿದು
ಬೇರೆಯವರ ಹನ್ನೊಂದು ಎಣಿಸುತ್ತ ಕೂತಿದ್ದೇನೆ,
ಎಷ್ಟು ಊರುಗಳಲ್ಲಿ ಅಂತ ಲೆಕ್ಕ ಇಟ್ಟಿಲ್ಲ.

ಭದ್ರಾವತಿಯಲ್ಲಿ ಒಂಬತ್ತು ದಿನ ಬಿಡುವು.
ಕಾರ್ಖಾನೆಯ ಆಫೀಸರ್ಸ್ ಕ್ಲಬ್ಬಿನ ಕೋರ್ಟಿನಲ್ಲಿ ಈಗ
ಶಾಮಿಯಾನದವರ ಕುರ್ಚಿಗಳು.
ಹೊರಗೆ ಹೊತ್ತು ಹಾಕಿದೆವು ನಾನು, ಅಪ್ಪ, ವಾಚ್‌ಮನ್ನು.
ಇನ್ನೂರ ಹನ್ನೆರಡು. ಅಪ್ಪ ಎಣಿಸಿದ್ದು;
ಮೂವತ್ತು ವರ್ಷ ಕ್ರೇನಿನ ಮೇಲೆ ಕೂತು
ಕಾದ ಕಬ್ಬಿಣ ಸಾಗಿಸಿದವನಿಗೆ
ಎಣಿಸದೆ ಏನನ್ನೂ ಎತ್ತಿ ಗೊತ್ತಿಲ್ಲ.

ಕುರ್ಚಿ ಸರಿದ ಮೇಲೆ ಗೋಡೆ ಕಂಡಿತು.
ಎಡ ಮೂಲೆಯಲ್ಲಿ, ತಗಡಿನ ಪಟ್ಟಿಯ ಒಂದು ಗೇಣು ಮೇಲೆ
ಒತ್ತಾಗಿ ಬಿದ್ದ ಕಪ್ಪು ಗುರುತುಗಳು ನನ್ನವು:
ಆಫೀಸರುಗಳು ಉಂಡು ಮಲಗುವ ಹೊತ್ತಿಗೆ
ಮಾರ್ಕರ್ ದಸ್ತಗೀರಣ್ಣ ಹಿಂಬಾಗಿಲು ತೆಗೆಯುತ್ತಿದ್ದ,
ಹನ್ನೊಂದು ವರ್ಷದ ನನಗೆ ಕೊಡುತ್ತಿದ್ದ ಒಂದು ಚೆಂಡು,
ಕಪ್ಪು, ಮೇಲೆ ಎರಡು ಹಳದಿ ಚುಕ್ಕೆ.
ನೆಲಕ್ಕೆ ಬಿಟ್ಟರೆ ನೆಲದಲ್ಲೇ ಉಳಿಯುವಂಥದ್ದು.
'ಹೊಡಿ, ಕಾಯ್ಲಿ. ಕಾಯದೆ ಪುಟಿಯಲ್ಲ ಅದು.'
ಬದುಕಿನ ಬಗ್ಗೆ ಏನೋ ಹೇಳಿದ ಅಂದುಕೊಂಡಿದ್ದೆ ಎಷ್ಟೋ ವರ್ಷ.
ಇಲ್ಲ, ರಬ್ಬರಿನ ಬಗ್ಗೆ ಹೇಳಿದ್ದು.

ಈಗ ಅವನ ಎರಡೂ ಕಣ್ಣಿಗೆ ಪೊರೆ.
ಆಪರೇಶನ್ನು ಬಕ್ರೀದ್ ಆಗಲಿ ಅಂತ ಮುಂದೂಡಿದ್ದಾನೆ,
ಯಾವ ವರ್ಷದ್ದು ಅಂತ ಮನೆಯವರಿಗೆ ಹೇಳಿಲ್ಲ.
ಕಟಕಟೆಗೆ ಗಲ್ಲ ಊರಿ ಮೇಲೆ ಕೂತು
ಹಳೆಯ ದನಿಯಲ್ಲೇ ಕೂಗಿದ: 'ಸೊನ್ನೆ, ಸೊನ್ನೆ!'

ನಾನು ಹೊಡೆದೆ. ಅವನು ಕೇಳಿದ.
'ತಗಡಿಗಿಂತ ಎರಡೇ ಬೆರಳು ಮೇಲೆ.'
ಹೌದು.
'ಇದು ತಡ ಆಯ್ತು.'
ಹೌದು.
ಆಮೇಲೆ ಬಹಳ ಹೊತ್ತು ಮಾತಿಲ್ಲ,
ಗೋಡೆ, ನೆಲ, ನನ್ನ ಶೂ, ಗೋಡೆ.

'ಬಲಗಾಲು ಮೆತ್ತಗೆ ಇಡ್ತಿದೀಯ.
ಮಂಡೀನಾ?'

ಎಂಟು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ.
ಕೈರೋದ ಫಿಸಿಯೋಗೂ ಇಲ್ಲ, ಅಪ್ಪನಿಗೂ ಇಲ್ಲ.
ಅಪ್ಪ ಬಾಗಿಲ ಹೊರಗೆ ಕುರ್ಚಿಯೊಂದರ ಮೇಲೆ ಕೂತಿದ್ದ,
ಕೇಳಿಸಿರಬೇಕು, ಕೆಮ್ಮಿದ.

ಅಷ್ಟರಲ್ಲಿ ಕರೆಂಟು ಹೋಯಿತು.
ನಿಂತುಬಿಟ್ಟೆ.
'ಯಾಕೆ ನಿಂತೆ?' ಮೇಲಿಂದ ದನಿ,
'ನನಗೇನೂ ವ್ಯತ್ಯಾಸ ಆಗ್ಲಿಲ್ವಲ್ಲ.'

ಮೂವರೂ ನಕ್ಕೆವು, ಬೇರೆ ಬೇರೆ ಕತ್ತಲಲ್ಲಿ.

ಸೋಮವಾರ ಚೆನ್ನೈಯಲ್ಲಿ ವೀಸಾ.
ಭಾನುವಾರ ಯಾರದೋ ನಿಶ್ಚಿತಾರ್ಥವಂತೆ,
ಅದರೊಳಗೆ ಕುರ್ಚಿಗಳು ಮರಳಿ ಒಳಗಿರಬೇಕು.
ಕರೆಂಟು ಬರುತ್ತದೋ ಇಲ್ಲವೋ,
ಹೋಗುತ್ತೇನೋ ಇಲ್ಲವೋ, ಇನ್ನೂ ಹೇಳಿಲ್ಲ ನಾನು.
ಚೆಂಡು ಮಾತ್ರ ಆರದಿರಲಿ ಅಂತ
ಕಂಕುಳಲ್ಲಿ ಅವುಚಿಕೊಂಡು
ಗೋಡೆಗೊರಗಿ ಕೂತಿದ್ದೇನೆ.