ಕೆಳಗಿನ ಸಾಲು

ಮುಂಜಾನೆ ಏಳಕ್ಕ ನಾ ಶಟರ್ ಎತ್ತೂದ್ರೊಳಗ
ಬನಹಟ್ಟಿ ಓಣಿ ತುಂಬ ಮಗ್ಗ ಸುರು ಆಗಿರ್ತಾವ.
ಕಟ್ಟಿ ಮ್ಯಾಲ ಐದಾರು ಮಂದಿ
ಚಾ ಇಲ್ಲದ ಮಾರಿ ಹೊತಗೊಂಡು ಕುಂತಿರ್ತಾರ.
ನೀಲವ್ವ ಮುರಗುಂಡಿ ಬರೂದು ಸೋಮವಾರನ:
"ಹೆಂಗೂ ಉಪಾಸ ಇರ್ತೀನಲ್ಲೋ ತಮ್ಮಾ,
ಅದರಾಗ ನಿಂದೂ ಒಂದು ಮುಗೀತೈತಿ."

ಆಕಿ ಮನಿ ಯಾವ ಕಡೆ, ನನಗ ಗೊತ್ತಿಲ್ಲ.
ಎಡಗೈ ನರ ಸೂಜಿ ಕಂಡ್ರ ಹೊರಳ್ತೈತಿ,
ಬಲಗೈದು ಪಾಪದ್ದು, ಸಿಗತೈತಿ,
ಅಷ್ಟು ಗೊತ್ತು.

ಹಳೇ ರಜಿಸ್ಟರದಾಗ, ನನಗ ಕೆಲಸ ಕಲಿಸಿದವರ ಅಕ್ಷರದಾಗ,
ಆಕಿಗೆ ಇನ್ನೂ ಹದಿನೇಳು.
ಹಿಮೋಗ್ಲೋಬಿನ್ ಏಳು ಪಾಯಿಂಟ್ ಎರಡು,
ಕೆಂಪ ಶಾಯಿಯೊಳಗ ಎರಡ ಗೀಟು.
ಮದುವಿ ಆರು ತಿಂಗಳು ಮುಂದ ಹೋತಂತ,
ಗುಳಿಗಿ, ಶೇಂಗಾ, ಬೆಲ್ಲ,
ಬೀಗರ ಸಿಟ್ಟು.

ಆಮ್ಯಾಲ ಬಸರಿ.
ರಕ್ತದ ಗುಂಪು ಓ, ಅದರ ಮುಂದೊಂದು ಸಣ್ಣ ಅಡ್ಡಗೀಟು.
ಗಂಡಂದು ಪಾಸಿಟಿವ್.
ಆ ಗೀಟು ಕಂಡಿದ್ದಕ್ಕ
ಮೊದಲನೇ ಹೆರಿಗಿ ಆದ ಮ್ಯಾಲ ಒಂದು ಇಂಜೆಕ್ಷನ್ ಬಿತ್ತು.
ಎರಡನೇ ಕೂಸು, ಶ್ರೀಶೈಲ, ಈಗ ಬಾಬಿನ್ ಸುತ್ತತಾನ,
ಹೋದ ತಿಂಗಳು ಜಗಳಾಡಿ ಹಲ್ಲ ಮುರಕೊಂಡು ಬಂದಿದ್ದ.

ನಡುವ ಎಷ್ಟೋ ವರ್ಷ ಬರೇ "ನಾರ್ಮಲ್".
"ಏನೂ ಇಲ್ಲಂದ್ರ ರೊಕ್ಕ ಯಾಕೋ?" ಅಂತಿದ್ಲು.
"ಏನೂ ಇಲ್ಲ ಅಂತ ಹೇಳೂದಕ್ಕ, ನೀಲಕ್ಕ."

ನಲವತ್ತೆರಡಕ್ಕ ಸಕ್ಕರಿ.
ನಾಕು ದಿನ ಬರೇ ರೊಟ್ಟಿ, ಪುಂಡಿಪಲ್ಯ ತಿಂದು
ಸಾಚಾ ಮಾರಿ ಮಾಡಿ ಬಂದ್ಲು.
"ಇದು ಮೂರು ತಿಂಗಳ ಲೆಕ್ಕ ಹೇಳತೈತಿ" ಅಂದೆ,
"ಕಾರಹುಣ್ಣಿವಿ ಕಡಬು ಇನ್ನೂ ಇದರಾಗ ಐತಿ."
"ಅಯ್ಯ, ಸೀರಿ ಎಣಸೋ ಗುಮಾಸ್ತನಕಿಂತ ಕಡಿ ಐತಲ್ಲೋ ನಿನ್ನ ಮಿಷಿನ್ನು!"

ಇವತ್ತು ಆಕಿ ರಕ್ತ ತಿರಗಲಿಕ್ಕೆ ಇಟ್ಟಿದ್ದೆ,
ಕರೆಂಟ್ ಹೋತು.
ಓಣಿ ಮಗ್ಗ ಎಲ್ಲಾ ಒಮ್ಮಿಗೇ ಗಪ್ಪ.
ನನ್ನ ಮಿಷಿನ್ನೂ ಸಾವಕಾಶ ತಿರಗಿ ತಿರಗಿ ನಿಂತು.
ಆ ಸುಮ್ಮನ ಹೊತ್ತಿನ್ಯಾಗ ಆಕಿ ಕೇಳಿದ್ಲು:
"ನಿಂದು ಯಾವಾಗ ನೋಡೀದಿ ತಮ್ಮಾ?"

ಇಪ್ಪತ್ತೆಂಟು ವರ್ಷ.
ರಜಿಸ್ಟರ್ ಹನ್ನೊಂದು.
ನನ್ನ ಹೆಸರು ಒಂದರಾಗೂ ಇಲ್ಲ.
"ಟೈಮ್ ಎಲ್ಲೈತಿ ನೀಲಕ್ಕ" ಅಂದೆ,
ದಿನಾ ಮಂದಿ ನನಗ ಹೇಳೂ ಮಾತು,
ನನ್ನ ಬಾಯಾಗೂ ಹಂಗ ಬಂತು.

ಆಕಿನ ಸ್ಟೂಲ್ ಎಳದ್ಲು.
ಕೆಲಸಕ್ಕ ಸೇರಿ ಒಂಬತ್ತು ದಿನ ಆಗಿದ್ದ ಹುಡುಗಿ, ನಸೀಮಾ,
ರಬ್ಬರ್ ಕಟ್ಟಿದ್ಲು. ಕೈ ನಡಗತಿತ್ತು, ಆಕಿದು.
ನಂದೂ.
"ಇರಿವಿ ಕಡದಂಗ, ಅಷ್ಟ" ಅಂತ ಮಂದಿಗೆ ಎಷ್ಟು ಸಲ ಹೇಳೀನೋ.
ಇರಿವಿ ಅಲ್ರೀ ಅದು.
ನಾನೂ ಎಲ್ಲಾರಂಗ ಗೋಡಿ ಕ್ಯಾಲೆಂಡರ್ ನೋಡಿದೆ.

ಕರೆಂಟ್ ಬಂತು. ಮಗ್ಗ ಒಂದೊಂದ ಎದ್ದು
ಖಟಕ್ ಖಟಕ್ ಹಚ್ಚಿದವು.
ಆಕಿ ನಳಿಗಿ ಎದುರ ನನ್ನ ನಳಿಗಿ ಇಟ್ಟು
ನಸೀಮಾ ಮುಚ್ಚಳ ಹಾಕಿದ್ಲು, ತೂಕ ಸರಿಯಾತು.
ರಜಿಸ್ಟರದಾಗ ನೀಲವ್ವನ ಕೆಳಗ
ತಪ್ಪ ಕಾಗುಣಿತದಾಗ ನನ್ನ ಹೆಸರು,
ವಯಸ್ಸು ಐವತ್ತೊಂದು,
ಅದರ ಮುಂದ ಖಾಲಿ ಜಾಗ.

ನೀಲವ್ವ ಹತ್ತಿ ಒತಗೊಂಡು ಬಾಗಲದಾಗ ನಿಂತಿದ್ಲು:
"ಚಾ ತರಸಲೇನೋ? ಇಬ್ಬರಿಗೂ. ಸಕ್ಕರಿ ಬ್ಯಾಡ."