ಕೊಳಗ

ಎಪಿಎಂಸಿ ಯಾರ್ಡಿನಲ್ಲಿ ನಾನು ಚೀಲ ಹೊಲಿಯುವವನು, ಬುಡೇನ್.
ಮೆಕ್ಕೆಜೋಳದ ಸೀಸನ್ನಿನಲ್ಲಿ ದಿನಕ್ಕೆ ಇನ್ನೂರು ಬಾಯಿ
ಈ ದಬ್ಬಳದಿಂದ ಮುಚ್ಚಿದ್ದೇನೆ.
ಪೀಟಿ ಮೇಡಂ ಕರಿಬಸಮ್ಮ ಬಂದು ಕೇಳಿದರು,
ಒಂದು ತೋಳು ಹೊಲಿದುಕೊಡು.
ಯಾರ ಅಳತೆಗೆ ಅಂದೆ.
ನಿನ್ನದೇ ಇರಲಿ ಅಂದರು.

ಹಾಗೆ ಸಿಕ್ಕಿಕೊಂಡೆ.

ಆವರಗೆರೆ ದಾಟಿ, ಮುಚ್ಚಿದ ಜಿನ್ನಿನ ಹಿಂದಿನ ಬಯಲು.
ಬೆಳಗಿನ ಆರು. ಬಾತಿ ಗುಡ್ಡ ಇನ್ನೂ ಮಂಜಿನೊಳಗೆ.
ಮೂರು ಪದರ ಗೋಣಿ, ಅದರೊಳಗೆ ಸೀಳಿದ ನೀರಿನ ಪೈಪು,
ಅದರೊಳಗೆ ನನ್ನ ಎಡಗೈ.
ಅತ್ತ ಚಂಡಿ: ಬೆಲ್ಜಿಯಂ ತಳಿ, ಹುರಿಗಡಲೆ ಬಣ್ಣ,
ಮೂತಿ ಮಾತ್ರ ಹಂಚಿನ ತಳ.
ಓಡು ಅಂತಾರೆ ಮೇಡಂ. ಓಡುತ್ತೇನೆ.
ಹಿಂದೆ ಉಸಿರು ಕೇಳುವುದಿಲ್ಲ,
ಮಣ್ಣು ಕೇಳುತ್ತದೆ.
ಆಮೇಲೆ ಇಪ್ಪತ್ತಾರು ಕಿಲೋ ಒಮ್ಮೆಲೇ ತೋಳಿಗೆ ಜೋತು
ಆಕಾಶ ಒಂದು ಸುತ್ತು.

ಕಚ್ಚುವುದೇನು, ಅದನ್ನು ಯಾರೂ ಕಲಿಸಬೇಕಿಲ್ಲ.
ಬಾಯಿ ತುಂಬ ಹಿಡಿದು ಅಲುಗದಿರುವುದು,
ಮರೆಯಲ್ಲಿ ನಿಂತವನನ್ನು ಮುಟ್ಟದೆ ಬೊಗಳುವುದು,
ಮೆತ್ತನೆ ಕೋಲು ಬೆನ್ನಿಗೆ ಬಿದ್ದರೂ ಕಣ್ಣು ಮುಚ್ಚದಿರುವುದು,
ಇಷ್ಟಕ್ಕೆ ಒಂದು ವರ್ಷ.
ಇನ್ನೊಂದು ವರ್ಷ ಒಂದೇ ಮಾತಿಗೆ:
ಬಿಡು.

ನಮ್ಮೂರಲ್ಲಿ ಆ ಮಾತು ಎಲ್ಲೆಲ್ಲಿ ಬಿದ್ದಿದೆ ನೋಡಿ.
ಆಯ್ತು ಬಿಡು. ಬಸ್ಸು ಬರಲ್ಲ ಬಿಡು.
ಅವನು ಕೊಟ್ಟ ಹಾಗೇ ಬಿಡು.
ಗೋಡೌನಿನ ಪಾಲಿಗೆ ಅಣ್ಣನ ಜೊತೆ ಮಾತು ನಿಂತು
ಒಂಬತ್ತು ವರ್ಷ; ದಿನಕ್ಕೊಬ್ಬರು ಹೇಳುತ್ತಾರೆ,
ಹೋಗಲಿ ಬಿಡೋ ಬುಡೇನ್.
ನಾನು ಬಿಟ್ಟಿಲ್ಲ.

ಮೊದಲ ಪರೀಕ್ಷೆ ಹುಬ್ಬಳ್ಳಿಯಲ್ಲಿ. ತೀರ್ಪುಗಾರರು ಪುಣೆಯವರು.
ಜಾಡು ಹಿಡಿದದ್ದಕ್ಕೆ ತೊಂಬತ್ತು,
ಹೇಳಿದ್ದು ಕೇಳಿದ್ದಕ್ಕೆ ಎಂಬತ್ತೆಂಟು.
ತೋಳು ತೊಡಬೇಕಾದ ಅವರ ಕಡೆಯವನಿಗೆ ಜ್ವರ,
ಹಾಗಾಗಿ ಅಲ್ಲೂ ನಾನೇ.
ಬಂದಳು, ಹಾರಿದಳು, ಹಿಡಿದಳು.
ಭುಜದ ಕೀಲು ಕಳಚಿದಂತಾಗಿ ಬಾಯಿಂದ ಜಾರಿತು,
ಅಯ್ಯೋ, ಬಿಡು.

ಬಿಟ್ಟಳು.
ಅಷ್ಟು ಚೊಕ್ಕವಾಗಿ ಎಂದೂ ಬಿಟ್ಟಿರಲಿಲ್ಲ.
ಎಪ್ಪತ್ತು ಬೇಕಿತ್ತು. ಅರವತ್ತೆಂಟು ಬಂತು.

ವಾಪಸು ಕಾರಿನಲ್ಲಿ ಯಾರೂ ಮಾತಾಡಲಿಲ್ಲ.
ಸಮಾಧಾನಕ್ಕೆ ಕೊಟ್ಟ ಗೋಣಿ ತೋಳನ್ನು ಕಚ್ಚಿಕೊಂಡು
ಹಿಂದಿನ ಸೀಟಿನಲ್ಲಿ ಚಂಡಿ.
ಟೋಲ್ ದಾಟಿದ ಮೇಲೆ ಮೇಡಂ ಅಂದರು,
ಹೋಗಲಿ ಬಿಡು, ಬುಡೇನ್.
ಹಿಂದೆ ತೋಳು ದೊಪ್ಪನೆ ಬಿತ್ತು.

ನಕ್ಕೆವು. ಆಮೇಲೆ ಮೇಡಂ ಅತ್ತರು, ಹರಿಹರದ ಸೇತುವೆ ತನಕ.

ಹೊಸ ಮಾತು ಹುಡುಕಿದೆವು.
ಸಾಕು? ಬೇಡ, ಊಟಕ್ಕೆ ಕೂತವರೆಲ್ಲ ಅನ್ನುತ್ತಾರೆ.
ತಟ್ಟು? ಮೇಡಂ ಅವ್ವ ದಿನಾ ಸಂಜೆ
ಸೊಸೆಗೆ ರೊಟ್ಟಿ ತಟ್ಟು ಅಂತಾಳೆ.
ಜರ್ಮನಿಯ ಮಾತೊಂದಿತ್ತು, ಮೇಡಂ ಅಂದರೆ ಸೀನಿದ ಹಾಗೆ.
ಯಾರೂ ಯಾರಿಗೂ ಹೇಳದ ಮಾತು ಬೇಕಿತ್ತು.
ನಮ್ಮಜ್ಜ ಕಾಳು ಅಳೆಯುತ್ತಿದ್ದ,
ಕೊಳಗ ಒಂದು, ಕೊಳಗ ಎರಡು.
ಈಗ ಎಲ್ಲಾ ಎಲೆಕ್ಟ್ರಾನಿಕ್ ಕಾಟಾ.
ಆ ಮಾತು ಖಾಲಿ ಚೀಲದ ಹಾಗೆ ಮೂಲೆಯಲ್ಲಿ ಬಿದ್ದಿತ್ತು.
ಕೊಡವಿ ಕೊಟ್ಟೆ.

ಮರುವರ್ಷ ಪರೀಕ್ಷೆ ನಮ್ಮ ಬಯಲಿಗೇ ಬಂತು.
ಹಿಡಿದಳು. ತುಟಿ ಹೊಲಿದುಕೊಂಡವನ ಹಾಗೆ
ಸುಮ್ಮನೆ ನಿಂತೆ.
ದೂರದಿಂದ ಮೇಡಂ ದನಿ: ಕೊಳಗ.

ಬಿಟ್ಟ ಮೇಲೆ ಹೋಗುವುದಿಲ್ಲ ಅವಳು.
ಜನಕ್ಕೆ ತಿಳಿಯದ ಭಾಗ ಇದು.
ಗೇಣು ದೂರದಲ್ಲಿ ಕೂತು ನನ್ನನ್ನೇ ನೋಡುತ್ತಾಳೆ,
ಬೆರಳು ಅಲುಗಿದರೂ ಗೊತ್ತಾಗುವಷ್ಟು.
ಅಷ್ಟು ಹೊತ್ತು ನನ್ನನ್ನು
ಈ ಊರಲ್ಲಿ ಯಾರೂ ನೋಡಿಲ್ಲ.

ಚಂಡಿಯ ಹೆಸರಿನ ಹಿಂದೆ ಈಗ ಮೂರು ಅಕ್ಷರ, ಒಂದು ಅಂಕೆ,
ಡಾಕ್ಟರ ಬೋರ್ಡಿನಲ್ಲಿರುವ ಹಾಗೆ.
ನನ್ನ ಮುಂಗೈಯಲ್ಲಿ ನಾಲ್ಕು ನೀಲಿ.
ಟೀ ಅಂಗಡಿಯ ಹುಡುಗ ಸರ್ಟಿಫಿಕೇಟ್ ತಿರುವಿ ನೋಡಿ,
ಬಂತಲ್ಲ, ಇನ್ನೇನು ಬಿಡು, ಅಂದ.
ಬೆಂಚಿನ ಕೆಳಗೆ
ಒಂದು ಕಿವಿ ಹೊರಳಿ
ಮತ್ತೆ ನೆಟ್ಟಗಾಯಿತು.