ಹದಿಮೂರು ಚೀಲ

ಶಿರಿಯ ಹೊಳೆಯ ಈಚೆ, ಹೆದ್ದಾರಿ ಅಗಲವಾದ ಮೇಲೆ
ಯಾರಿಗೂ ಬೇಡವಾಗಿ ಉಳಿದ ಪಾರೆಯಲ್ಲಿ ನಮ್ಮ ಯಾರ್ಡು.
ಅಂಗಡಿಸಾಲು, ಬಸ್‌ಸ್ಟ್ಯಾಂಡಿನ ಮಾಡು, ಬಂದ್ಯೋಡಿನ ಯಾರದೋ ಜಗಲಿ
ಲಾರಿಯಲ್ಲಿ ಬಂದು ಇಲ್ಲಿ ಮಗುಚಿಕೊಳ್ಳುತ್ತವೆ.
ನಾನು ಗಾಜಿನ ಗೂಡಿನಲ್ಲಿ ಕೂತು
ಬೆಲ್ಟು ನೋಡುವವಳು.

ಗುರುವಾರ ಗುರುವಾರ ಅಪ್ಪ ಗೇಟಿಗೆ ಬರುತ್ತಾನೆ.
ವಾಚ್‌ಮನ್ ಅಂದುಂಞಿಯ ಬೆಂಚಿನಲ್ಲಿ ಅರ್ಧ ಪಾಲು ಪಡೆದು
ಒಂದೇ ಪ್ರಶ್ನೆ: "ನನ್ನ ಶಾಲೆ ಬಂತಾ?"

ಅವನು ಕಲಿತ ಶಾಲೆಯಲ್ಲ,
ಕಲಿತದ್ದು ಮೂರನೇ ಕ್ಲಾಸು, ಮುಳಿಹುಲ್ಲಿನ ಅಡಿಯಲ್ಲಿ.
ಇದು ಕಟ್ಟಿದ್ದು.
ಆನೆ ನಡೆದರೂ ಹಂದದು ಎನ್ನುತ್ತಿದ್ದ ಬಟ್ಯಪ್ಪ ಮೇಸ್ತ್ರಿ,
ಮದುವೆ ಮನೆಗಳಲ್ಲಿ, ಎರಡನೇ ಪಾಯಸದ ಹೊತ್ತಿಗೆ.

ಅದೇ ಕೋಣೆಯಲ್ಲಿ ಕಮಲಾಕ್ಷಿ ಟೀಚರ್
ಸುಣ್ಣದ ತಿಳಿಗೆ ಪಪ್ಪಾಯಿ ದಂಟು ಇಳಿಸಿ
"ಊದು ಚಂಚಲಾಕ್ಷಿ" ಅಂದದ್ದು.
ಊದಿದೆ. ನೀರು ಹಾಲಾಯಿತು.
"ನೋಡು, ನಿನ್ನ ಉಸಿರು ಕಲ್ಲಾಗ್ತಾ ಉಂಟು."
ಹೆದರಿ, ಆ ದಿನ ಮನೆ ಮುಟ್ಟುವವರೆಗೆ
ಮೆಲ್ಲ ಮೆಲ್ಲ ಉಸಿರಾಡಿದೆ.

ಶಾಲೆ ಬಂದದ್ದು ಒಂದು ಮಂಗಳವಾರ. ಏಳು ಲೋಡು.
ದವಡೆ ಜಗಿಯಿತು. ಅಯಸ್ಕಾಂತ ಕಂಬಿ ಎತ್ತಿತು.
ಕಣ್ಣಿಗೆ ಕಾಣದ ಬೆಳಕಿನಲ್ಲಿ ನೋಡುವ ಕ್ಯಾಮರಾ
ಹಂಚು, ಮರ, ಗಾರೆ ಗುರುತಿಸಿದಲ್ಲೆಲ್ಲ
ಗಾಳಿಯ ಒಂದು ಗುದ್ದು: ಫಟ್.
ಕರಿಹಲಗೆಯ ಹಸಿರು ಬಣ್ಣ ಹೊತ್ತ ಚೂರಿಗೆ
ಅದರ ಪಟ್ಟಿಯಲ್ಲಿ ಹೆಸರಿಲ್ಲ.
ಫಟ್.

ಉಳಿದದ್ದರ ಜಾತಕ ಪರದೆಯ ಮೇಲೆ ಬಂತು.
ಸಿಮೆಂಟು ಕಡಿಮೆ. ಉಪ್ಪು ಹೆಚ್ಚು.
ನಂಬದೆ ಒಂದು ಚೂರು ಕೈಗೆತ್ತಿಕೊಂಡೆ.
ಹೊಯ್ಗೆಯ ನಡುವೆ ಉಗುರಿನಷ್ಟು ಮರುವಾಯಿ ಚಿಪ್ಪು.

ಗುರುವಾರ ಹೇಳಿಬಿಟ್ಟೆ.
ಅಂದುಂಞಿ ರಸ್ತೆ ನೋಡತೊಡಗಿದ.
ಅಪ್ಪ ಟವೆಲು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.
"ಕೋಣೆಗೆ ಇಪ್ಪತ್ತು ಚೀಲ ಅಂತ ಪಟ್ಟಿ.
ಇಳಿದದ್ದು ಹದಿಮೂರು.
ಹೊಯ್ಗೆ ಕಡಲ ಬದಿಯದ್ದು, ರಾತ್ರಿ ಬಂತು.
ಕಂತ್ರಾಟಿನವನಿಗೆ ಏನು ಹೇಳುವುದು?
ನಿನ್ನ ಅಕ್ಕ ಆಗ ಹೊಟ್ಟೆಯಲ್ಲಿ."

ಆಮೇಲೆ, ನಾನು ಕೇಳದೆಯೇ:
"ಪ್ರತಿ ಎಪ್ರಿಲ್, ರಜೆಯಲ್ಲಿ, ಹೋಗಿ ತಟ್ಟುತ್ತಿದ್ದೆ.
ಪೊಳ್ಳು ಸದ್ದು ಬಂದ ಕಡೆ
ನನ್ನದೇ ಸಿಮೆಂಟು ತುಂಬಿದ್ದೇನೆ."

ನಮಗದು ನಗೆಯಾಗಿತ್ತು.
ಮೇಸ್ತ್ರಿ ಕೋಲು ಹಿಡಿದು ತೊಲೆ ತೊಲೆ ತಟ್ಟುವಾಗ
ಕಿಟಕಿಯಲ್ಲಿ ಇಣುಕಿ ಕೂಗುತ್ತಿದ್ದೆವು:
ಹಲಸಿನಕಾಯಿ ಹಣ್ಣಾಯಿತಾ?
ನಾನೂ ಕೂಗಿದ್ದೆ.
ಅಷ್ಟೂ ವರ್ಷ ನಮ್ಮ ತಲೆಯ ಮೇಲೆ
ಏಳು ಚೀಲ ಇರಲಿಲ್ಲ.

ತಲೆಗೆ ಹೆಲ್ಮೆಟ್ ಇಟ್ಟು ಒಳಗೆ ಕರೆದುಕೊಂಡು ಹೋದೆ.
ಮುಚ್ಚಿದ ಪೀಪಾಯಿ, ಒಳಗೆ ಅವನ ಶಾಲೆ, ಜಲ್ಲಿಯಾಗಿ.
ಹಳೆ ಗಾರೆಯಲ್ಲಿ ಉಳಿದ ಸುಣ್ಣ
ಇಂಗಾಲದ ಗಾಳಿ ಕುಡಿದು ಸಂದು ಸಂದಿನಲ್ಲಿ ಕಲ್ಲಾಗುತ್ತದೆ,
ಮೊದಲಿಗಿಂತ ಗಟ್ಟಿ, ಎಂದೆ.
"ಗಾಳಿ ಎಲ್ಲಿಯದ್ದು?"
ಬಿಯರು ಕಾರ್ಖಾನೆಯದ್ದು.
"ಕುಡಿದು ನೆಟ್ಟಗಾದವರನ್ನು ಇಲ್ಲೇ ಕಂಡದ್ದು" ಎಂದು ನಕ್ಕ,
ನಗು ಅರ್ಧಕ್ಕೆ ಬಿಟ್ಟ. "ಉಪ್ಪು?"

ಉಪ್ಪು ಹೋಗುವುದಿಲ್ಲಪ್ಪ.
ಅದಕ್ಕೇ ಈ ರಾಶಿ ಬೇರೆ. ಕಂಬಿ ಇಲ್ಲದ ಕೆಲಸಕ್ಕೆ.
ಕಾಲುದಾರಿಗೆ, ಚರಂಡಿಯ ಅಂಚಿಗೆ.

"ಯಾರ ತಲೆಯ ಮೇಲೂ ಅಲ್ಲ?"
ಅಲ್ಲ.

ಬಾಗಿ ಎರಡು ಕಲ್ಲು ಆರಿಸಿದ.
ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಾಗಿಸಿದ.
ಮಿಕ್ಸರಿನ ಬಳಿ ನಿಂತು ನಿಂತು ಸತ್ತ ಎಡಗಿವಿ ಅದು,
ಮರೆತಿದ್ದ.
ಕಲ್ಲುಗಳನ್ನು ಬಲಕ್ಕೆ ದಾಟಿಸಿ
"ಬೆಲ್ಟು ಸ್ವಲ್ಪ ನಿಲ್ಲಿಸು ಮಾರಾಯ್ತಿ" ಎಂದ.

ನಿಲ್ಲಿಸಿದೆ.